ಮಳೆಗಾಲದಲ್ಲಿ ಜ್ವರ ಬಾರದ ಹಾಗೆ ನೋಡ್ಕೊಳ್ಳುವುದು ಹೇಗೆ: ನಮ್ಮ ಮನೆಯ ಭಾನುವಾರದ ಸುತ್ತು

ಎರಡು ವರ್ಷದ ಹಿಂದೆ ಜುಲೈಯಲ್ಲಿ ನನಗೆ ಡೆಂಗಿ ಆಯ್ತು. ಅಂಗಳದಲ್ಲಿ ಒಂದು ಹನಿ ನೀರು ನಿಲ್ಲದ ಹಾಗೆ ನೋಡಿಕೊಳ್ಳುವವಳು ನಾನು, ಹಿತ್ತಲಿನ ಗೆರಟೆ (ತೆಂಗಿನ ಚಿಪ್ಪು) ಎಲ್ಲ ಕವುಚಿ ಹಾಕಿ, ಪಕ್ಕದ ಮನೆಯವರಿಗೂ ಹೇಳಿ ಹೇಳಿ ಅವರ ಬಾಯಲ್ಲಿ ಬೈಸಿಕೊಂಡವಳು, ಅಂಥ ನನಗೇ. ಆಶಾ ಕಾರ್ಯಕರ್ತೆ ಬಂದು ಮನೆ ಸುತ್ತ ನೋಡಿದ್ರು, ಎಂತದ್ದೂ ಸಿಗ್ಲಿಲ್ಲ. ಆಮೇಲೆ ಅಡುಗೆಮನೆಗೆ ಬಂದು "ಫ್ರಿಜ್ಜನ್ನು ಸ್ವಲ್ಪ ಮುಂದೆ ಎಳೀರಿ ಅಕ್ಕ" ಅಂದ್ರು. ಫ್ರಿಜ್ಜಿನ ಹಿಂದೆ ಕೆಳಗೆ ಒಂದು ಟ್ರೇ ಇರ್ತದೆ, ಕರಗಿದ ನೀರು ಬಂದು ಬೀಳ್ಲಿಕ್ಕೆ, ಅದನ್ನು ನಾನು ಫ್ರಿಜ್ ತಂದ ದಿನದಿಂದ ನೋಡಿಯೇ ಇಲ್ಲ. ಮೊಬೈಲ್ ಟಾರ್ಚ್ ಹಾಕಿದ್ರೆ ಬೆರಳು ಮುಳುಗುವಷ್ಟೂ ಇಲ್ಲದ ನೀರಲ್ಲಿ ಮೂವತ್ತು ನಲ್ವತ್ತು ನುಸಿಯ (ಸೊಳ್ಳೆಯ) ಮರಿಹುಳ ಡೊಂಕು ಡೊಂಕಾಗಿ ಕುಣೀತಾ ಉಂಟು, ಬೆಳಕು ಬಿದ್ದದ್ದೇ ಎಲ್ಲ ಒಟ್ಟಿಗೆ ಕೆಳಗೆ ಇಳಿದವು. "ನೋಡಿ ಅಕ್ಕ, ನೀವೇ ಸಾಕಿದ್ದು" ಅಂದ್ರು ಅವರು. ನನಗೆ ನಾಚಿಕೆಯಲ್ಲಿ ಜ್ವರ ಇನ್ನೊಂದು ಡಿಗ್ರಿ ಏರಿತು.

ಅಂದಿನಿಂದ ನಮ್ಮಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು ಸುತ್ತು ಉಂಟು, ಹತ್ತು ಹದಿನೈದು ನಿಮಿಷ, ಅಷ್ಟೇ. ಆರೋಗ್ಯ ಅಂದ್ರೆ ಜನ ಕಷಾಯ, ಯೋಗ, ಮಲ್ಟಿವಿಟಮಿನ್ ಅಂತ ಶುರು ಮಾಡ್ತಾರೆ, ಬೇಡ ಅಂತ ಹೇಳ್ತಾ ಇಲ್ಲ ನಾನು, ಆದ್ರೆ ನಮ್ಮ ಮಂಗಳೂರು ಉಡುಪಿ ಕಡೆ ಜೂನ್‌ನಿಂದ ಅಕ್ಟೋಬರ್ ತನಕ ಮನುಷ್ಯರನ್ನು ಮಲಗಿಸುವುದು ನುಸಿ, ನೀರು, ಇಲಿ, ಈ ಮೂರೇ. ಮೊದಲು ಅದನ್ನು ನೋಡಿ.

ವಾರಕ್ಕೊಮ್ಮೆ ಯಾಕೆ ಅಂದ್ರೆ, ಡೆಂಗಿ ನುಸಿ ಮೊಟ್ಟೆಯಿಂದ ಹಾರುವ ನುಸಿ ಆಗ್ಲಿಕ್ಕೆ ನಮ್ಮ ಸೆಕೆಯಲ್ಲಿ ಏಳರಿಂದ ಹತ್ತು ದಿನ ಸಾಕು. ವಾರಕ್ಕೊಂದು ಸಲ ನೀರು ಚೆಲ್ಲಿದ್ರೆ ಅದು ಹುಳದಲ್ಲೇ ಮುಗೀತದೆ, ಹದಿನೈದು ದಿನಕ್ಕೊಮ್ಮೆ ಮಾಡಿದ್ರೆ ಮಾಡಿಯೂ ಪ್ರಯೋಜನ ಇಲ್ಲ. ಮತ್ತೆ ಬರೀ ಚೆಲ್ಲಿದ್ರೆ ಸಾಲದು ಮಾರಾಯ್ರೆ, ಇದು ತುಂಬ ಜನಕ್ಕೆ ಗೊತ್ತಿಲ್ಲ, ಆ ನುಸಿ ಮೊಟ್ಟೆ ಇಡುವುದು ನೀರಿನ ಅಂಚಿಗೆ ಪಾತ್ರೆಯ ಗೋಡೆಗೆ ಅಂಟಿಸಿ, ನೀರು ಒಣಗಿದ್ರೂ ಮೊಟ್ಟೆ ತಿಂಗಳುಗಟ್ಟಲೆ ಹಾಗೇ ಕೂತಿರ್ತದೆ, ಪುನಃ ನೀರು ಬಿದ್ದ ಕೂಡ್ಲೆ ಒಡೀತದೆ. ಹಾಗಾಗಿ ಬಕೆಟ್, ಡ್ರಮ್, ನಾಯಿ ನೀರು ಕುಡಿಯುವ ತಟ್ಟೆ, ಹೂಕುಂಡದ ಅಡಿಯ ಪ್ಲೇಟು, ಎಲ್ಲದಕ್ಕೂ ತೆಂಗಿನ ನಾರು ಹಾಕಿ ಗಸಗಸ ತಿಕ್ಕಬೇಕು.

ಎಲ್ಲೆಲ್ಲಿ ನೋಡಬೇಕು ಅಂದ್ರೆ, ಒಳಗೆ ಫ್ರಿಜ್ ಟ್ರೇ, ಮನಿಪ್ಲಾಂಟ್ ಬಾಟ್ಲಿ, ಯಾರೂ ಉಪಯೋಗಿಸದ ಕಮೋಡು, ಎಸಿಯ ನೀರು ಬೀಳುವ ಡಬ್ಬ. ಹೊರಗೆ ಬೊಂಡದ (ಎಳನೀರಿನ) ಚಿಪ್ಪು, ಗೆರಟೆ, ಬಿದ್ದ ಅಡಿಕೆ ಹಾಳೆ (ಒಂದು ಹಾಳೆಯಲ್ಲಿ ಎಷ್ಟು ನೀರು ನಿಲ್ತದೆ ಅಂತ ಮಳೆ ಬಿಟ್ಟ ಮೇಲೆ ತೋಟಕ್ಕೆ ಹೋಗಿ ನೋಡಿ), ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರಕ್ಕೆ ಕಟ್ಟಿದ ಹಾಲಿನ ಕಪ್, ಅದನ್ನು ಕವುಚಿ ಇಡಬೇಕು, ಸೌದೆ ಕೊಟ್ಟಿಗೆಗೆ ಹಾಕಿದ ಟಾರ್ಪಾಲಿನ ಮಡಿಕೆ, ಹಳೇ ಟೈರು, ತಾರಸಿಯಲ್ಲಿ ಎಲೆ ಕಟ್ಟಿ ನಿಂತ ಪೈಪಿನ ಬಾಯಿ. ಟ್ಯಾಂಕಿನ ಮುಚ್ಚಳ ಸರಿ ಉಂಟಾ ನೋಡಿ, ಓವರ್‌ಫ್ಲೋ ಪೈಪಿನ ಬಾಯಿಗೆ ನೈಲಾನ್ ಬಲೆ ಕಟ್ಟಿ, ಹಳೇ ನುಸಿಪರದೆಯ ತುಂಡು ಸಾಕು. ಬಾವಿಗೆ ಬಲೆ ಹಾಕಿ, ಬ್ಲೀಚಿಂಗ್ ಪೌಡರ್ ಹಾಕದ ಬಾವಿ ಆದ್ರೆ ಗಪ್ಪಿ ಮೀನು ಬಿಡಿ, ಹುಳವನ್ನೆಲ್ಲ ಅದು ತಿಂತದೆ. ಹೊಂಡದ ನೀರಿಗೆ ಸುಟ್ಟ ಎಂಜಿನ್ ಆಯಿಲ್ ಹಾಕ್ತಾರೆ ಕೆಲವರು, ಹುಳ ಸಾಯ್ತದೆ ಸರಿ, ಆದ್ರೆ ಬಾವಿ ಹತ್ರ ಮಾತ್ರ ಆ ಕೆಲಸ ಬೇಡ.

ಹುಳ ಕಂಡ್ರೆ ಯಾವುದು ಅಂತ ಅಂದಾಜು ಮಾಡಬಹುದು. ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡ್ತಾ ಇದ್ರೆ ಡೆಂಗಿಯದ್ದೋ ಮಾಮೂಲಿಯದ್ದೋ, ನೀರಿನ ಮೇಲೆ ಅಡ್ಡಕ್ಕೆ ಚಪ್ಪಟೆ ಮಲಗಿದ್ರೆ ಅದು ಮಲೇರಿಯಾದ್ದು. ಮಂಗಳೂರಿನ ಮಲೇರಿಯಾ ಹಳೇ ಕಥೆ, 1990ರ ದಶಕದಲ್ಲಿ ದೊಡ್ಡ ದೊಡ್ಡ ಕಟ್ಟಡ ಏಳ್ಲಿಕ್ಕೆ ಶುರುವಾದಾಗಿನಿಂದ ಊರಿಗೇ ಅಂಟಿಕೊಂಡಿದೆ, ಯಾಕಂದ್ರೆ ಮಲೇರಿಯಾದ ಈ ಸಿಟಿ ನುಸಿಗೆ ಕ್ಯೂರಿಂಗ್‌ಗೆ (ಕಾಂಕ್ರೀಟ್ ಗಟ್ಟಿಯಾಗ್ಲಿಕ್ಕೆ) ನಿಲ್ಲಿಸಿದ ನೀರು, ಲಿಫ್ಟ್ ಗುಂಡಿ, ಮುಚ್ಚಳ ಇಲ್ಲದ ಟ್ಯಾಂಕಿ ಎಲ್ಲ ಬಹಳ ಇಷ್ಟ. ನಿಮ್ಮ ಪಕ್ಕ ಫ್ಲ್ಯಾಟ್ ಏಳ್ತಾ ಇದ್ರೆ ಸೂಪರ್‌ವೈಸರ್ ಹತ್ರ ಒಮ್ಮೆ ಮಾತಾಡಿ, ಕೇಳದಿದ್ರೆ ಪಾಲಿಕೆಗೆ ಹೇಳಿ, ಜಗಳ ಆಗ್ತದೆ ಅಂತ ಹೆದರಬೇಡಿ.

ಡೆಂಗಿ ನುಸಿ ಕಚ್ಚುವುದು ಹಗಲಲ್ಲಿ, ಹೆಚ್ಚಾಗಿ ಬೆಳಿಗ್ಗೆ ಮತ್ತೆ ಮುಸ್ಸಂಜೆ ಹೊತ್ತು. ರಾತ್ರಿ ಕಾಯಿಲ್ ಹಚ್ಚಿ ಕಿಟಿಕಿ ಮುಚ್ಚಿ ಮಲಗುವ ನಾವು ಹಗಲು ಬರಿಗಾಲಲ್ಲಿ ಪಾತ್ರೆ ತೊಳೀತಾ ಕಚ್ಚಿಸಿಕೊಳ್ತೇವೆ. ಮಧ್ಯಾಹ್ನ ಮಲಗುವ ಮಗುವಿಗೂ ಪರದೆ ಹಾಕಿ. ಮಲೇರಿಯಾದ್ದು ರಾತ್ರಿ ಕಚ್ತದೆ, ಹಾಗಾಗಿ ರಾತ್ರಿಯೂ ಪರದೆ ಬೇಕು, ಒಂದು ಬಿಟ್ಟು ಇನ್ನೊಂದು ಅಂತ ಇಲ್ಲ.

ಇನ್ನು ನೀರು. ನಮ್ಮಲ್ಲಿ ಮನೆಗೊಂದು ಬಾವಿ, "ನಮ್ಮ ಬಾವಿ ನೀರು ಅಮೃತ" ಅಂತ ಎಲ್ಲರೂ ಹೇಳುವವರೇ, ನನ್ನ ಅತ್ತೆ ಈಗಲೂ ಹೇಳ್ತಾರೆ. ಬೇಸಗೆಯಲ್ಲಿ ಇರಬಹುದು ಅತ್ತೆ, ಆದ್ರೆ ಮೊದಲ ನಾಲ್ಕು ಮಳೆಗೆ ಬಾವಿ ನೀರು ಚಹಾ ಬಣ್ಣಕ್ಕೆ ತಿರುಗ್ತದಲ್ಲ, ಅದು ಅಂಗಳದ್ದು, ದನದ ಹಟ್ಟಿಯದ್ದು, ಪಕ್ಕದವರ ಕಕ್ಕಸು ಪಿಟ್ಟಿನದ್ದು ಎಲ್ಲ ಸೇರಿ ಇಳಿದದ್ದು. ಪಿಟ್ಟಿಗೂ ಬಾವಿಗೂ ಕಡಿಮೆ ಅಂದ್ರೆ 15 ಮೀಟರ್ ದೂರ ಬೇಕು, ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದವರು ಎಲ್ಲಿಂದ ತರ್ತಾರೆ 15 ಮೀಟರ್? ಹಾಗಾಗಿ ಬ್ಲೀಚಿಂಗ್ ಪೌಡರ್ ಹಾಕುವುದು ಕಲೀಲೇಬೇಕು.

ಲೆಕ್ಕ ಹೀಗೆ. ಬಾವಿಯ ಅಗಲ ಮೀಟರಲ್ಲಿ ಅಳೀರಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ನೀರಿನ ಆಳ ನೋಡಿ. ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ಆಳದಿಂದ, ಅದನ್ನು 785ರಿಂದ, ಬಂದದ್ದು ಲೀಟರ್. ನಮ್ಮದು 2 ಮೀಟರ್ ಅಗಲ, 3 ಮೀಟರ್ ನೀರು, ಸುಮಾರು 9,400 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪೌಡರ್ ಲೆಕ್ಕದಲ್ಲಿ 24 ಗ್ರಾಂ ಹತ್ರ ಹತ್ರ. ನೀರು ತೀರಾ ಕೆಂಪಾಗಿದ್ರೆ ಇಷ್ಟು ಸಾಲುವುದಿಲ್ಲ, ಆಗ ಆಶಾ ಕಾರ್ಯಕರ್ತೆ ಹತ್ರ ಕೇಳಿ ಹಾಕಿ. ಅದನ್ನು ಬಕೆಟ್ಟಲ್ಲಿ ಸ್ವಲ್ಪ ನೀರು ಹಾಕಿ ಚಟ್ನಿ ತರ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿಸಿ ಹತ್ತು ನಿಮಿಷ ಬಿಡಿ, ಸುಣ್ಣ ಅಡಿಗೆ ಕೂರ್ತದೆ. ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕೊಡಪಾನದಲ್ಲಿ ನಾಲ್ಕು ಸಲ ಮೇಲೆ ಕೆಳಗೆ ಮಾಡಿ, ಅಡಿಯ ಸುಣ್ಣ ಹೊರಗೆ ಚೆಲ್ಲಿ, ಬಾವಿಗೆ ಹೋದ್ರೆ ನೀರು ಗಡಸಾಗ್ತದೆ. ರಾತ್ರಿ ಹಾಕಿದ್ರೆ ಒಳ್ಳೇದು, ಕಡಿಮೆ ಅಂದ್ರೂ ಒಂದು ಗಂಟೆ ಯಾರೂ ನೀರು ಸೇದಬಾರದು. ಪೌಡರ್ ಹೊಸತಿರಬೇಕು, ಕಟ್ಟು ಬಿಚ್ಚಿ ಬಚ್ಚಲ ಮೂಲೆಯಲ್ಲಿಟ್ಟು ವರ್ಷ ಆದ ಪೌಡರಲ್ಲಿ ವಾಸನೆ ಬಿಟ್ರೆ ಮತ್ತೆಂತದ್ದೂ ಉಳಿದಿರುವುದಿಲ್ಲ.

ಇಷ್ಟು ಮಾಡಿಯೂ ಕುಡಿಯುವ ನೀರು ಕುದಿಸಿಯೇ ಕುಡೀರಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ರೆ ಸಾಕು, ಅರ್ಧ ಗಂಟೆ ಗ್ಯಾಸ್ ಸುಡಬೇಡಿ. ಹೋಟ್ಲಲ್ಲಿ, ಮದುವೆ ಮನೆಯಲ್ಲಿ "ಬಿಸಿನೀರು ಕೊಡಿ" ಅಂದ್ರೆ ಕುದಿಸಿದ್ದಕ್ಕೆ ಅರ್ಧ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿ ಕೊಡ್ತಾರೆ, ನಾವೂ ಖುಷಿಯಲ್ಲಿ ಕುಡೀತೇವೆ, ಅದು ತಣ್ಣೀರು ಕುಡಿದ ಹಾಗೇ. ಕಾಮಾಲೆ, ಟೈಫಾಯ್ಡ್ ಬರುವುದು ಈ ದಾರಿಯಲ್ಲಿ. ಒಂದು ಬಾಟ್ಲಿ ಮನೆಯಿಂದ ತಗೊಂಡು ಹೋದ್ರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಬೇಧಿ ಶುರುವಾದ್ರೆ ಓಆರ್‌ಎಸ್, ಪ್ಯಾಕೆಟ್ ಮೇಲೆ 1 ಲೀಟರ್ ಅಂತ ಇದ್ರೆ ಸರಿಯಾಗಿ 1 ಲೀಟರಿಗೇ ಹಾಕಿ, ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿಕೊಳ್ಳುವುದಲ್ಲ. ಪ್ಯಾಕೆಟ್ ಇಲ್ಲದಿದ್ರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಮಟ್ಟಸವಾಗಿ. ಜೊತೆಗೆ ಕುಚ್ಚಲಕ್ಕಿ ಗಂಜಿತಿಳಿ.

ಇಲಿಜ್ವರದ ಬಗ್ಗೆ ಪೇಟೆಯವರು ತಲೆಕೆಡಿಸಿಕೊಳ್ಳುವುದಿಲ್ಲ, ಗದ್ದೆ ತೋಟ ಇದ್ದವರಿಗೆ ಹೇಳುವುದು ನಾನು. ಇಲಿ ಹೆಗ್ಗಣದ ಮೂತ್ರ, ದನದ್ದೂ ಹೌದು, ಕೆಸರು ನೀರಿಗೆ ಸೇರಿ ಕಾಲಿನ ಸಣ್ಣ ಗಾಯದಿಂದ ಒಳಗೆ ಹೋಗ್ತದೆ. ನಾಟಿ ಮಾಡುವಾಗ, ಹಟ್ಟಿ ತೊಳೆಯುವಾಗ ಗಮ್‌ಬೂಟ್ ಹಾಕಿ, ಗದ್ದೆಯಲ್ಲಿ ಬೂಟು ಕೆಸರಿಗೆ ಕಚ್ಚಿಕೊಳ್ತದೆ, ಕಾಲು ಬರ್ತದೆ ಬೂಟು ಬರುವುದಿಲ್ಲ, ಗೊತ್ತುಂಟು ನನಗೆ, ಆಗದಿದ್ರೆ ಗಾಯಕ್ಕೆ ನೀರು ಹೋಗದ ಬ್ಯಾಂಡೇಜ್ ಆದ್ರೂ ಹಾಕಿ, ಬಂದ ಕೂಡ್ಲೆ ಸೋಪು ಹಾಕಿ ತೊಳೀರಿ. ಮಳೆಗಾಲ ಇಡೀ ಕೆಸರಲ್ಲೇ ಕೆಲಸ ಇರುವವರು ವಾರಕ್ಕೊಂದು ತಗೊಳ್ಳುವ ಮಾತ್ರೆ ಉಂಟು, ಡಾಕ್ಟರನ್ನು ಕೇಳಿ ತಗೊಳ್ಳಿ, ಗರ್ಭಿಣಿಯರಿಗೆ ಸಣ್ಣ ಮಕ್ಕಳಿಗೆ ಅದು ಆಗುವುದಿಲ್ಲ. ಜ್ವರದ ಜೊತೆ ಮೀನಖಂಡ ಮುಟ್ಟಿದ್ರೆ ಜೀವ ಹೋಗುವಷ್ಟು ನೋವು, ಕಣ್ಣು ಕೆಂಪು, ಇಷ್ಟು ಕಂಡ್ರೆ ಆ ದಿನವೇ ಹೋಗಿ, ಹೋದಾಗ "ಗದ್ದೆಗೆ ಇಳಿದಿದ್ದೆ" ಅಂತ ಬಾಯಿಬಿಟ್ಟು ಹೇಳಿ.

ಚರ್ಮದ್ದು ಒಂದು ಮಾತು. ಒದ್ದೆ ಶೂ, ಅರೆ ಒಣಗಿದ ಒಳಬಟ್ಟೆ, ಬೆರಳ ಸಂದಿಯಲ್ಲಿ ಕೆಸರುಹುಣ್ಣು, ತೊಡೆಸಂದಿಯಲ್ಲಿ ಗಜಕರ್ಣ, ಆಟಿ ತಿಂಗಳಲ್ಲಿ (ಜುಲೈ ಆಗಸ್ಟ್ ಹೊತ್ತು) ಇದು ಇಲ್ಲದ ಮನೆ ಇಲ್ಲ. ಒಳಬಟ್ಟೆಗೆ ಇಸ್ತ್ರಿ ಹಾಕಿ, ಕಾಲು ಒರೆಸುವಾಗ ಬೆರಳ ಸಂದಿ ಒರೆಸಿ. ಮೆಡಿಕಲ್ಲಿಂದ ಯಾರೋ ಹೇಳಿದ ಟ್ಯೂಬ್ ತರಬೇಡಿ, ಅದ್ರಲ್ಲಿ ಸ್ಟೀರಾಯ್ಡ್ ಸೇರಿದ್ದು ಉಂಟು, ಎರಡು ದಿನಕ್ಕೆ ತುರಿಕೆ ಮಾಯ, ಬಿಟ್ಟ ಕೂಡ್ಲೆ ಡಬಲ್ ಆಗಿ ಬರ್ತದೆ, ಮನೆಯವರಿಗೆಲ್ಲ ಹಂಚ್ತದೆ.

ಊಟದ ವಿಷಯ ಜಾಸ್ತಿ ಹೇಳುವುದಿಲ್ಲ, ತಿಮರೆ (ಒಂದೆಲಗ) ಚಟ್ನಿ, ಪತ್ರೊಡೆ, ಬಿಸಿ ಗಂಜಿ, ನಮ್ಮ ಮಳೆಗಾಲದ ಊಟ ಚಂದವೇ ಉಂಟು. ತೊಂದರೆ ಉಪ್ಪಿನದ್ದು. ಜೂನ್ ಜುಲೈಯಲ್ಲಿ ಬೋಟ್ ಕಡಲಿಗೆ ಇಳಿಯುವುದಿಲ್ಲ, ಆಗ ಒಣಮೀನು, ಉಪ್ಪಿನಕಾಯಿ, ಹಪ್ಪಳ, ಉಪ್ಪಲ್ಲಿ ಹಾಕಿದ ಹಲಸಿನ ಸೊಳೆ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು ದಾಟಬಾರದು, ಅಂದ್ರೆ ಒಂದು ಸಣ್ಣ ಚಮಚ, ಗಂಜಿಯ ಜೊತೆ ಒಂದು ಒಣಮೀನು ತಿಂದ್ರೇ ಅರ್ಧ ಲೆಕ್ಕ ಮುಗೀತು. ಬಿಪಿ ಇದ್ದವರು ಒಣಮೀನನ್ನು ನೀರಲ್ಲಿ ನೆನೆಸಿ ಆ ನೀರು ಚೆಲ್ಲಿ ಸುಡಿ, ಸೊಳೆಯನ್ನೂ ಹಾಗೇ. ಮತ್ತೆ ಕುಚ್ಚಲಕ್ಕಿ ಅಂತ ಶುಗರ್‌ನವರು ಮೂರು ಸಲ ಬಡಿಸಿಕೊಳ್ಳುವುದು ಉಂಟಲ್ಲ, ಅಕ್ಕಿ ಅಕ್ಕಿಯೇ.

ಆಟಿ ಅಮಾವಾಸ್ಯೆಯ ಪಾಲೆ ಮರದ ತೊಗಟೆಯ ಕಷಾಯ ನಾವೂ ಕುಡೀತೇವೆ, ಮೇಲಿಂದ ಮೆಂತೆ ಗಂಜಿಯೂ ಉಣ್ತೇವೆ, ಅದು ನಮ್ಮ ಪದ್ಧತಿ. ಆದ್ರೆ ಮರ ಗೊತ್ತಿದ್ದವರು ತಂದದ್ದು ಮಾತ್ರ. ಸೂರ್ಯ ಹುಟ್ಟುವ ಮೊದಲು ಕತ್ತಲಲ್ಲಿ ಹೋಗಿ ಕಲ್ಲಲ್ಲಿ ಜಜ್ಜಿ ತೊಗಟೆ ತೆಗೆಯುವುದು, ಆ ಕತ್ತಲಲ್ಲಿ ಕಾಸರಕದ ತೊಗಟೆ ಸೇರಿದ್ರೆ ಅದು ವಿಷ. ಹಿಂದಿನ ದಿನ ಬೆಳಕಲ್ಲೇ ಮರ ನೋಡಿ ಗುರುತು ಮಾಡಿ ಬರಬೇಕು. ಮತ್ತೆ ಕಷಾಯ ಕುಡಿದದ್ದಕ್ಕೆ ವರ್ಷ ಇಡೀ ಜ್ವರ ಬರುವುದಿಲ್ಲ ಅಂತ ಟ್ರೇ ನೋಡದೆ ಕೂರಬೇಡಿ.

ಎಲ್ಲ ಮಾಡಿಯೂ ಜ್ವರ ಬಂತು ಅಂತಾದ್ರೆ, ಮಳೆಗಾಲದ ಜ್ವರಕ್ಕೆ ಮೂರು ದಿನ ಕಾಯುವ ಅಭ್ಯಾಸ ಬಿಡಿ. ಮಲೇರಿಯಾದ ರಕ್ತ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ, ಬೇಗ ಮಾಡಿಸಿ. ವೈವಾಕ್ಸ್ (ಮಲೇರಿಯಾದ ಒಂದು ಜಾತಿ) ಅಂತ ಬಂದ್ರೆ 14 ದಿನದ ಮಾತ್ರೆ ಕೊಡ್ತಾರೆ, ಜ್ವರ ಮೂರನೇ ದಿನ ಬಿಡ್ತದೆ, ಮಾತ್ರೆಯನ್ನೂ ಅಲ್ಲಿಗೇ ಬಿಡುವವರೇ ಜಾಸ್ತಿ. ಆ ರೋಗದ ಬೀಜ ಪಿತ್ತಜನಕಾಂಗದಲ್ಲಿ ಅಡಗಿ ಕೂತು ತಿಂಗಳು ಬಿಟ್ಟು ಪುನಃ ಏಳ್ತದೆ, 14 ಅಂದ್ರೆ 14. ಡೆಂಗಿಯ ಸಂಶಯ ಇದ್ರೆ ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ, ಐಬುಪ್ರೊಫೇನ್, ಆಸ್ಪಿರಿನ್ ಬೇಡ, ರಕ್ತಸ್ರಾವ ಜಾಸ್ತಿ ಆಗಬಹುದು, ಹಾರ್ಟಿಗೆ ಮೊದಲಿಂದ ಆಸ್ಪಿರಿನ್ ತಗೊಳ್ಳುವವರು ಡಾಕ್ಟರಿಗೆ ಹೇಳಿ ನಿರ್ಧಾರ ಮಾಡಿ. ಪಪ್ಪಾಯಿ ಎಲೆ ರಸ ನನಗೂ ಕುಡಿಸಿದ್ರು, ವಾಂತಿ ಬಂದದ್ದು ಬಿಟ್ರೆ ಬೇರೆ ಎಂತ ಆಯ್ತು ಅಂತ ನನಗೆ ಗೊತ್ತಾಗ್ಲಿಲ್ಲ, ನೀರು, ಬೊಂಡ, ಗಂಜಿತಿಳಿ ಹೊಟ್ಟೆಯಲ್ಲಿ ನಿಲ್ಲುವುದು ಮುಖ್ಯ.

ಡೆಂಗಿಯಲ್ಲಿ ಹೆದರಬೇಕಾದ್ದು ಜ್ವರ ಇಳಿಯುವಾಗ, ಮೂರರಿಂದ ಏಳನೇ ದಿನದ ಒಳಗೆ. ಮನೆಯವರೆಲ್ಲ ಬಿಟ್ಟಿತಪ್ಪ ಅಂತ ನಿರಾಳ ಆಗುವ ಹೊತ್ತಿಗೇ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗೆ, ಮೂತ್ರ ಕಡಿಮೆ, ಮಂಪರು, ಇದ್ರಲ್ಲಿ ಒಂದು ಕಂಡ್ರೂ ರಾತ್ರಿ ಅಂತ ನೋಡದೆ ಹೊರಡಬೇಕು. ಅದಕ್ಕೆ ಒಂದು ಚೀಟಿ ಇಡಿ, ಎಷ್ಟನೇ ದಿನ, ಎಷ್ಟು ಹೊತ್ತಿಗೆ ಎಷ್ಟು ಜ್ವರ, ಯಾವಾಗ ಮಾತ್ರೆ, ಎಷ್ಟು ಸಲ ಮೂತ್ರ. ಡಾಕ್ಟರಿಗೆ ನಿಮ್ಮ ನೆನಪಿಗಿಂತ ಆ ಚೀಟಿ ಉಪಕಾರ. ನಮ್ಮವರು ನನ್ನದನ್ನು ಗಂಟೆ ಗಂಟೆಗೂ ಚಂದ ಬರೆದಿಟ್ಟಿದ್ರು, ಹೊರಡುವ ಗಡಿಬಿಡಿಯಲ್ಲಿ ಮರೆತು ಬಿಟ್ಟು ಬಂದದ್ದು ಫ್ರಿಜ್ಜಿನ ಮೇಲೆಯೇ.