ಹತ್ತು ಡಾಲರಿನಲ್ಲಿ ಒಂದು ಟ್ರೇ ಆಲೂಗಡ್ಡೆ-ಬೇಕನ್ ಕ್ಯಾಸರೋಲ್: ನನ್ನ ಅನುಭವ

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. 9x13 ಇಂಚಿನ ಟ್ರೇ ತುಂಬಾ ಚೀಸ್, ಆಲೂಗಡ್ಡೆ, ಬೇಕನ್ (ಉಪ್ಪು, ಹೊಗೆ ಹಾಕಿದ ಹಂದಿಮಾಂಸ) ಹಾಕಿ ಓವನ್‌ನಲ್ಲಿ ಬೇಯಿಸುವ ಕ್ಯಾಸರೋಲ್ ಈಗ ನನಗೆ ಹತ್ತು ಡಾಲರ್ ಆಸುಪಾಸಿನಲ್ಲಿ ಆಗುತ್ತಿದೆ. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ನಲ್ಲಿ ಇಟ್ಟರೆ ಹನ್ನೆರಡು ಜನಕ್ಕೆ ಧಾರಾಳ. ಇಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಎಲ್ಲರೂ ಮಾಡುವ ಹಾಗೆ ಫ್ರೀಜರ್ ಹ್ಯಾಶ್ ಬ್ರೌನ್ (ತುರಿದ ಆಲೂಗಡ್ಡೆ), ಡಬ್ಬಿ ಸೂಪ್, ತುರಿದ ಚೀಸ್ ಪ್ಯಾಕೆಟ್, ಪಟ್ಟಿ ಬೇಕನ್ ತಂದು ಮಾಡಿದರೆ ಇಪ್ಪತ್ತು ಮುಟ್ಟುತ್ತದೆ.

ಇದನ್ನು ಹೇಳಿದಾಗ ನಂಬಿದವರು ಯಾರೂ ಇಲ್ಲ. ಮಂಡ್ಯ ಕಡೆಯ ಗೆಳೆಯನೊಬ್ಬ, "ಲೇ, ಆಲೂಗಡ್ಡೆ ಸುಲಿಯೋ ಟೈಮಿಗೆ ಬೆಲೆ ಇಲ್ವೇನೋ?" ಅಂದ. ಆಫೀಸಿನ ಹಿರಿಯಾಕೆ ಒಬ್ಬರು ಇಲ್ಲೇ ಹುಟ್ಟಿ ಬೆಳೆದವರು. ಡಬ್ಬಿ ಸೂಪ್ ಇಲ್ಲದೆ ಇದು ಆಗೋದೇ ಇಲ್ಲ ಅಂತ ತಲೆ ಆಡಿಸಿದರು. ಅವರದ್ದೂ ತಪ್ಪಲ್ಲ. ಸೂಪ್ ಕಂಪನಿ ಕ್ಯಾಂಬೆಲ್ಸ್‌ನವರು ಅಣಬೆ ಕ್ರೀಮ್ ಸೂಪಿನ ಡಬ್ಬಿ ತಂದಿದ್ದು 1934ರಲ್ಲಿ. ಅಜ್ಜಿ, ಅಮ್ಮ ಎಲ್ಲರೂ ಅದನ್ನೇ ಸುರಿದು ಮಾಡಿದ್ದಾರೆ. ಅವರ ಕಿವಿಗೆ ನನ್ನ ಮಾತು, ಹುಳಿಪುಡಿ ಇಲ್ಲದೆ ಬಿಸಿಬೇಳೆಬಾತ್ ಮಾಡ್ತೀನಿ ಅಂದ ಹಾಗೆ ಕೇಳಿಸಿರಬೇಕು. ಈಗ ಅವರೇ ಪ್ರತಿ ಸಲ ಕೆಳಗಿನ ಮೂಲೆಯ ಗರಿಗರಿ ತುಂಡಿಗೆ ಚಮಚ ಹಾಕುತ್ತಾರೆ. ಬರೆಯೋಕೆ ಕೂತಿದ್ದು ಅದಕ್ಕೇ.

ಓವನ್ ಹಚ್ಚೋದು, ವೈಟ್ ಸಾಸ್ ಮಾಡೋದು ನಿಮಗೆಲ್ಲ ಗೊತ್ತು. ಅದನ್ನು ಬಿಟ್ಟು ಎಲ್ಲಿ ಕೈ ಕೊಡುತ್ತದೆ, ಎಲ್ಲಿ ದುಡ್ಡು ಹೋಗುತ್ತದೆ ಅನ್ನೋದನ್ನು ಬರೆಯುತ್ತೇನೆ.

ದುಡ್ಡು ಹೋಗೋದು ಬೇಕನ್‌ನಲ್ಲಿ. ಒಂದು ಪೌಂಡ್ ಪಟ್ಟಿ ಬೇಕನ್ ಆರು-ಏಳು ಡಾಲರ್. ಕ್ಯಾಸರೋಲ್‌ಗೆ ಹೇಗೂ ಪುಡಿ ಮಾಡಿ ಹಾಕುತ್ತೇವೆ. ಒಂದೇ ಅಳತೆಗೆ ಚೆಂದಾಗಿ ಕುಯ್ದ ಪಟ್ಟಿ ಯಾಕೆ ಬೇಕು? ಅದನ್ನು ಕುಯ್ಯುವಾಗ ಉಳಿದ ತುದಿ, ಚೂರು, ಸೊಟ್ಟ ತುಂಡುಗಳನ್ನು ಸೇರಿಸಿ ಮೂರು ಪೌಂಡಿನ ಪೆಟ್ಟಿಗೆ ಮಾಡಿ ಮಾರುತ್ತಾರೆ. ನಾನು ಕೊನೆಯ ಸಲ ತಂದಾಗ ಹತ್ತು ಡಾಲರಿಗೆ ಸ್ವಲ್ಪ ಕಡಿಮೆ ಇತ್ತು. ಒಂದು ಟ್ರೇಗೆ ಮುಕ್ಕಾಲು ಪೌಂಡ್ ಸಾಕು. ಅಂದರೆ ಒಂದು ಪೆಟ್ಟಿಗೆಯಲ್ಲಿ ನಾಲ್ಕು ಟ್ರೇ. ಉಳಿದದ್ದನ್ನು ಪಾಲು ಮಾಡಿ ಫ್ರೀಜರ್‌ಗೆ. ಯಾವ ಅಂಗಡಿ, ಯಾವ ದಿನ ಬೆಲೆ ಇಳಿಸಿದ ಚೀಟಿ ಅಂಟಿಸುತ್ತಾರೆ ಅಂತ ಮಾತ್ರ ಕೇಳಬೇಡಿ. ನಾಲ್ಕು ಜನಕ್ಕೆ ಗೊತ್ತಾದರೆ ನನಗೇ ಸಿಗೋದಿಲ್ಲ.

ಈ ತುದಿ ತುಂಡುಗಳಿಗೆ ಒಂದು ಗುಣ ಇದೆ. ಕೆಲವು ಬರೀ ಕೊಬ್ಬು, ಕೆಲವು ಬರೀ ಮಾಂಸ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಹಾಕಿದರೆ ಮಾಂಸದ್ದು ಚಕ್ಕಳ ಆಗುತ್ತದೆ, ಕೊಬ್ಬಿನದ್ದು ರಬ್ಬರ್ ಆಗಿಯೇ ಉಳಿಯುತ್ತದೆ. ಪೆಟ್ಟಿಗೆ ಒಡೆದ ಕೂಡಲೇ ಎರಡು ರಾಶಿ ಮಾಡಿ. ಕೊಬ್ಬಿನ ತುಂಡನ್ನು ಸಣ್ಣಗೆ ಹೆಚ್ಚಿ ತಣ್ಣಗಿನ ಬಾಣಲೆಗೆ ಹಾಕಿ, ಕಾಲು ಕಪ್ ನೀರು ಸುರಿದು, ಸಣ್ಣ ಉರಿಯಲ್ಲಿ ಇಡಿ. ನೀರು ಆರುವ ಹೊತ್ತಿಗೆ ಕೊಬ್ಬು ಕರಗಿ ಬಿಟ್ಟಿರುತ್ತದೆ. ಬುಳಬುಳ ಸದ್ದು ಹೋಗಿ ಚಟಪಟ ಶುರುವಾದಾಗ ಮಾಂಸದ ತುಂಡು ಹಾಕಿ. ನಾನು ಕೊಡಗಿನವನು, ಹಂದಿ ಕೊಬ್ಬು ಕರಗಿಸೋದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಸ್ವಲ್ಪ ಜಂಬ ಅನ್ನಿ, ಪರವಾಗಿಲ್ಲ.

ಆ ಕರಗಿದ ಕೊಬ್ಬೇ ನಿಜವಾದ ಲಾಭ. ಇಲ್ಲಿಯ ಮಾಮೂಲಿ ಕ್ರಮದಲ್ಲಿ ಒಂದು ಕಡ್ಡಿ (ಕಾಲು ಪೌಂಡ್) ಬೆಣ್ಣೆ ಬೇರೆ ಹಾಕುತ್ತಾರೆ. ನಾನು ಬೆಣ್ಣೆಯನ್ನು ಪೂರ್ತಿ ಬಿಟ್ಟೆ. ನಾಲ್ಕು-ಐದು ದೊಡ್ಡ ಚಮಚ ಬೇಕನ್ ಕೊಬ್ಬಿನಲ್ಲಿ ಒಂದು ದೊಡ್ಡ ಈರುಳ್ಳಿ ಬಾಡಿಸಿ, ಅದರ ಮೇಲೇ ಐದು ದೊಡ್ಡ ಚಮಚ ಮೈದಾ ಉದುರಿಸಿ, ಹಸಿ ವಾಸನೆ ಹೋದ ಮೇಲೆ ಮೂರು ಕಪ್ ಹಾಲು ಸ್ವಲ್ಪ ಸ್ವಲ್ಪವಾಗಿ. ಡಬ್ಬಿ ಸೂಪಿನ ಕೆಲಸ ಮುಗಿಯಿತು. ಹೊಗೆಯ ಪರಿಮಳ ಸಾಸಿನಲ್ಲೇ ಇಳಿದಿರುತ್ತದೆ, ಹಾಗಾಗಿ ಬೇಕನ್ ತುಂಡು ಕಡಿಮೆ ಇದ್ದರೂ ಕಡಿಮೆ ಅನಿಸೋದಿಲ್ಲ. ಸಾಸಿಗೆ ಮಾತ್ರ ಕೊನೆವರೆಗೂ ಉಪ್ಪು ಹಾಕಬೇಡಿ. ತುದಿ ತುಂಡುಗಳಲ್ಲಿ ಪಟ್ಟಿಗಿಂತ ಉಪ್ಪು ಜಾಸ್ತಿ ಇರುತ್ತದೆ, ಮೇಲೆ ಚೀಸ್ ಬೇರೆ.

ಇನ್ನು ಆಲೂಗಡ್ಡೆ. ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದು ಇದೇ.

ಮೊದಲು ಹಸಿ ಆಲೂಗಡ್ಡೆಯನ್ನು ತೆಳ್ಳಗೆ ಬಿಲ್ಲೆ ಮಾಡಿ, ಸಾಸು, ಸಾವರ್ ಕ್ರೀಮ್ (ಹುಳಿ ಬರಿಸಿದ ಕೆನೆ) ಎಲ್ಲ ಕಲಸಿ ಸೀದಾ ಓವನ್‌ಗೆ ಇಟ್ಟೆ. ಒಂದೂವರೆ ಗಂಟೆ ಆದರೂ ಬಿಲ್ಲೆ ಕಟುಂ ಅನ್ನುತ್ತಿತ್ತು. ಮೇಲಿನ ಚೀಸ್ ಕಂದಿಹೋಗಿ ಕಪ್ಪಾಗಿತ್ತು. ಉರಿ ಏರಿಸಿದೆ, ಫಾಯಿಲ್ ಮುಚ್ಚಿದೆ, ಇನ್ನೂ ತೆಳ್ಳಗೆ ಕುಯ್ದೆ. ಅದೇ ಕತೆ. ಕಾರಣ ನಮ್ಮ ಅಡುಗೆಮನೆಯಲ್ಲೇ ಇತ್ತು. ಹುಣಸೆ ಹುಳಿ ಬಿದ್ದ ಮೇಲೆ ತರಕಾರಿ ಬೇಯೋದಿಲ್ಲ ಅಂತ ಸಾಂಬಾರ್ ಮಾಡುವವರಿಗೆಲ್ಲ ಗೊತ್ತು. ಸಾವರ್ ಕ್ರೀಮ್ ಕೂಡ ಹುಳಿಯೇ ಅಲ್ವಾ? ಹುಳಿ ಇದ್ದರೆ ಆಲೂಗಡ್ಡೆಯನ್ನು ಒಳಗಿಂದ ಗಟ್ಟಿಯಾಗಿ ಹಿಡಿದಿರುವ ಪೆಕ್ಟಿನ್ ಸಡಿಲ ಆಗೋದೇ ಇಲ್ಲ. ಫ್ರೀಜರ್ ಹ್ಯಾಶ್ ಬ್ರೌನ್‌ನವರಿಗೆ ಈ ತಲೆನೋವಿಲ್ಲ, ಅದು ಅರೆಬೆಂದೇ ಪ್ಯಾಕೆಟ್‌ಗೆ ಬಂದಿರುತ್ತದೆ.

ಹಾಗಾಗಿ ಆಲೂಗಡ್ಡೆ ಮೊದಲು ನೀರಿನಲ್ಲಿ ಬೇಯಬೇಕು. ಮೂರೂವರೆ ಪೌಂಡ್, ಮುಕ್ಕಾಲು ಇಂಚಿನ ತುಂಡು, ತಣ್ಣೀರಿಗೆ ಉಪ್ಪು ಹಾಕಿ ಒಲೆ ಮೇಲೆ. ಕುದಿ ಬಂದ ಮೇಲೆ ಎಂಟು ನಿಮಿಷದ ಹತ್ತಿರ. ಚಾಕು ಇಳಿಯಬೇಕು, ಆದರೆ ತುಂಡು ಒಡೆಯಬಾರದು. ಬಸಿದು, ಅದೇ ಬಿಸಿ ಪಾತ್ರೆಗೆ ವಾಪಸ್ ಹಾಕಿ, ಮುಚ್ಚಳ ತೆಗೆದು ಎರಡು ನಿಮಿಷ ಅಲ್ಲಾಡಿಸುತ್ತೇನೆ. ಹಬೆ ಹೋಗಿ ಅಂಚು ಪುಡಿಪುಡಿಯಾಗಿ ಬೆಳ್ಳಗೆ ಕಾಣಬೇಕು. ಆ ಪುಡಿ ಅಂಚೇ ಸಾಸನ್ನು ಹಿಡಿಯೋದು. ಈ ಎರಡು ನಿಮಿಷ ಬಿಟ್ಟರೆ ಟ್ರೇ ತಳದಲ್ಲಿ ನೀರು ನಿಲ್ಲುತ್ತದೆ.

ಜಾತಿ ಯಾವುದು ಅಂದರೆ ರಸೆಟ್. ಹತ್ತು ಪೌಂಡಿನ ಚೀಲ ಐದು ಡಾಲರ್ ಒಳಗೆ. ಯೂಕಾನ್ ಗೋಲ್ಡ್ ಕೂಡ ಹಾಕಿ ನೋಡಿದ್ದೇನೆ. ಕೆನಡಾದ ಗ್ವೆಲ್ಫ್‌ನಲ್ಲಿ ಬೆಳೆಸಿ 1980ರಲ್ಲಿ ಹೊರಬಿಟ್ಟ ತಳಿ ಅದು, ಬಣ್ಣ ಬೆಣ್ಣೆಯ ಹಳದಿ, ತುಂಡು ಕೂಡ ಗಟ್ಟಿ ನಿಲ್ಲುತ್ತದೆ. ಆದರೆ ಅದರ ಐದು ಪೌಂಡಿನ ದುಡ್ಡಿಗೆ ರಸೆಟ್ ಹತ್ತು ಪೌಂಡ್ ಬರುತ್ತದೆ. ಚೀಸ್ ಸಾಸಿನ ಅಡಿಯಲ್ಲಿ ಹೂತ ಮೇಲೆ ವ್ಯತ್ಯಾಸ ಹೇಳಿದವರನ್ನು ನಾನಂತೂ ನೋಡಿಲ್ಲ.

ಚೀಸಿನ ವಿಷಯದಲ್ಲಿ ಜಿಪುಣತನಕ್ಕೂ ಒಂದು ದಾರಿ ಇದೆ. ತುರಿದು ಬರುವ ಚೀಸ್ ಒಂದಕ್ಕೊಂದು ಅಂಟಬಾರದು ಅಂತ ಅದಕ್ಕೆ ಆಲೂಗಡ್ಡೆ ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಸವರಿರುತ್ತಾರೆ. ಸಾಸಿಗೆ ಹಾಕಿದರೆ ತರಿತರಿ. ಎರಡು ಪೌಂಡಿನ ಗಟ್ಟಿ ತುಂಡು ತಂದು ನೀವೇ ತುರಿಯಿರಿ. ಮೈಲ್ಡ್ ಚೆಡ್ಡಾರ್ ಬೇಡ, ಎಕ್ಸ್‌ಟ್ರಾ ಶಾರ್ಪ್ ತನ್ನಿ. ರುಚಿ ಗಾಢವಾಗಿರುವುದರಿಂದ ಮೈಲ್ಡ್ ಹಾಕುವ ಜಾಗದಲ್ಲಿ ಮೂರರಲ್ಲಿ ಎರಡು ಪಾಲು ಸಾಕು. ನನ್ನ ಟ್ರೇಗೆ ಒಟ್ಟು 12 ಔನ್ಸ್, ಎಂಟು ಸಾಸಿಗೆ, ನಾಲ್ಕು ಮೇಲಕ್ಕೆ. ಸಾಸಿಗೆ ಹಾಕುವಾಗ ಒಲೆ ಆರಿಸಿರಲೇಬೇಕು. ಕುದಿಯುವ ಸಾಸಿಗೆ ಸುರಿದರೆ ಎಣ್ಣೆ ಬೇರೆ, ಗಂಟು ಬೇರೆ. ಹಾಗೆ ಒಡೆದ ಒಂದು ಪಾತ್ರೆ ಸಾಸನ್ನು ನಾನು ಎಸೆಯಲಿಲ್ಲ. ಅರ್ಧ ಕಪ್ ತಣ್ಣನೆ ಹಾಲು ಹಾಕಿ ಮಿಕ್ಸಿಗೆ ಹೊಡೆದೆ, ಮುಕ್ಕಾಲು ಭಾಗ ಸರಿಹೋಯಿತು. ಒಂದು ಚಿಟಿಕೆ ಸಾಸಿವೆ ಪುಡಿ ಹಾಕಿ, ಚೀಸಿನ ರುಚಿ ಎದ್ದು ಬರುತ್ತದೆ.

ಸಾವರ್ ಕ್ರೀಮ್ ಒಂದು ಕಪ್, ಅದೂ ಒಲೆ ಆರಿಸಿದ ಮೇಲೆ. ಅದನ್ನೂ ಉಳಿಸೋಣ ಅಂತ ಮನೆಯ ಮೊಸರು ಹಾಕಿದೆ. ಒವನ್‌ನಲ್ಲಿ ಒಡೆದು ಮೊಸರಿನ ನೀರು ಬಿಟ್ಟಿತು. ಅವ್ವನಿಗೆ ಫೋನಿನಲ್ಲಿ ಹೇಳಿದಾಗ, "ಮಜ್ಜಿಗೆ ಹುಳಿಗೆ ಕಡಲೆಬೇಳೆ ಯಾಕೆ ಅರೆದು ಹಾಕ್ತಾರೆ ಅಂದ್ಕೊಂಡೆ?" ಅಂದರು. ಸರಿಯಾದ ಮಾತು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿ ಇಳಿಬಿಟ್ಟು, ಒಂದು ಚಮಚ ಮೈದಾ ಕಲಸಿ ಹಾಕಿದರೆ ಒಡೆಯೋದಿಲ್ಲ. ಉಳಿಯೋದು ಒಂದು ಡಾಲರ್ ಇರಬಹುದು. ಹುಳಿ ಸ್ವಲ್ಪ ಜಾಸ್ತಿ, ನನಗೆ ಅದೇ ಇಷ್ಟ.

ಎಲ್ಲ ಕಲಸಿ ಟ್ರೇಗೆ ಹಾಕಿ 375 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅರ್ಧ ಗಂಟೆ. ಅಂಚಿನಲ್ಲಿ ಗುಳ್ಳೆ ಏಳಬೇಕು. ತೆಗೆದ ಮೇಲೆ ಕಾಲು ಗಂಟೆ ಮುಟ್ಟಬೇಡಿ, ಇಲ್ಲದಿದ್ದರೆ ಸಾರಿನ ಹಾಗೆ ಹರಿಯುತ್ತದೆ. ಬೇಕನ್ ಅರ್ಧ ಒಳಗೆ, ಅರ್ಧ ಕೊನೆಯ ಹತ್ತು ನಿಮಿಷಕ್ಕೆ ಮೇಲೆ.

ಮೇಲಿನ ಗರಿಗೆ ಇಲ್ಲಿ ಕಾರ್ನ್‌ಫ್ಲೇಕ್ಸ್ ಹಾಕುತ್ತಾರೆ. ಯೂಟಾ ರಾಜ್ಯದ ಕಡೆ ಸಾವಿನ ಮನೆಗೆ ತೆಗೆದುಕೊಂಡು ಹೋಗುವ ಆಲೂಗಡ್ಡೆ ಕ್ಯಾಸರೋಲ್‌ಗೂ ಅದೇ. ನಾನು ಬೇರೆ ಬೇರೆ ಹಾಕಿ ನೋಡಿದೆ. ಆಲೂಗಡ್ಡೆ ಚಿಪ್ಸ್ ಉಪ್ಪಾಯಿತು. ಖಾರಾ ಸೇವ್ ಎಣ್ಣೆ ಕುಡಿದು ಮೆತ್ತಗಾಯಿತು. ಗೆದ್ದಿದ್ದು ಕೋಡುಬಳೆ! ಊರಿಂದ ಬಂದ ಡಬ್ಬದ ತಳದಲ್ಲಿ ಮುರಿದು ಉಳಿದಿತ್ತು, ಕುಟ್ಟಿ ಉದುರಿಸಿದೆ. ಅಕ್ಕಿ ಹಿಟ್ಟಿನ ಗರಿ ಪಾಟ್‌ಲಕ್ ಮುಗಿಯುವವರೆಗೂ ಹೋಗಲಿಲ್ಲ. ಹಿರಿಯಾಕೆ, "ಇದು ಯಾವ ಬ್ರಾಂಡಿನ ಕ್ರ್ಯಾಕರ್?" ಅಂತ ಕೇಳಿದರು.

ಸ್ಲೋ ಕುಕ್ಕರ್‌ನಲ್ಲಿ ಮಾಡಲು ಹೋಗಬೇಡಿ. ಬೆಳಿಗ್ಗೆ ಹಾಕಿ ಸಂಜೆ ತೆಗೆದೆ. ಚೀಸ್ ಒಡೆದು ಮೇಲೆ ಎಣ್ಣೆ, ಕೆಳಗೆ ಗಂಜಿ. ಟರ್ಕಿ ಬೇಕನ್ ಕೂಡ ನೋಡಿದೆ, ಕೊಬ್ಬೇ ಬಿಡೋದಿಲ್ಲ, ಬೆಣ್ಣೆ ಬೇರೆ ತರಬೇಕು, ಅಲ್ಲಿಗೆ ಲೆಕ್ಕವೇ ಕೆಡುತ್ತದೆ. ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಎರಡು ಹನಿ ಸಾಸಿಗೆ ಬಿಟ್ಟಿದ್ದು ಮಾತ್ರ ಫಸ್ಟ್ ಕ್ಲಾಸ್. ಆದರೆ ಊರಿಂದ ಬಂದ ಆ ಬಾಟಲಿ ಪಂದಿ ಕರಿಗೇ ಸಾಲೋದಿಲ್ಲ, ಇದಕ್ಕೆಲ್ಲಿ ಸುರಿಯಲಿ? ಮೆಣಸಿನ ಜೊತೆ ನಾನು ಹುರಿದು ಹಾಕುವ ಪುಡಿ ಒಂದಿದೆ. ಅದರಲ್ಲಿ ಜೀರಿಗೆ ಇದೆ ಅಂತ ಹೇಳುತ್ತೇನೆ, ಉಳಿದದ್ದು ನನ್ನ ಹತ್ತಿರವೇ ಇರಲಿ.

ಲೆಕ್ಕ ಹೀಗೆ: ಬೇಕನ್ ಎರಡೂವರೆ ಡಾಲರ್, ಚೀಸ್ ಮೂರು, ಆಲೂಗಡ್ಡೆ ಒಂದೂವರೆಯಿಂದ ಎರಡು, ಸಾವರ್ ಕ್ರೀಮ್ ಒಂದು ಚಿಲ್ಲರೆ, ಹಾಲು ಮುಕ್ಕಾಲು, ಈರುಳ್ಳಿ-ಮೈದಾ-ಇತ್ಯಾದಿ ಅರ್ಧ. ಮಿನ್ನೆಸೋಟದಲ್ಲಿ ದಿನಸಿಗೆ ಸೇಲ್ಸ್ ಟ್ಯಾಕ್ಸ್ ಇಲ್ಲ, ಅದೂ ಒಂದು ಪುಣ್ಯ. ಓವನ್ ಕರೆಂಟ್ ಹಿಡಿದಿಲ್ಲ. ಚಳಿಗಾಲದಲ್ಲಿ ಅದು ಮನೆಯನ್ನೂ ಬೆಚ್ಚಗೆ ಮಾಡುತ್ತದೆ, ಹಾಗಾಗಿ ಹಿಡಿಯೋದೂ ಇಲ್ಲ. ನನ್ನ ಕೂಲಿ ಕೂಡ ಹಿಡಿದಿಲ್ಲ, ಮಂಡ್ಯದ ಗೆಳೆಯ ಬೇಕಾದರೆ ಅದನ್ನು ಸೇರಿಸಿಕೊಳ್ಳಲಿ. ಆಲೂಗಡ್ಡೆ ಸುಲಿಯೋದಕ್ಕೆ ಹದಿನೈದು ನಿಮಿಷ. ತೊಳೆದು ಸಿಪ್ಪೆ ಸಮೇತ ಹಾಕಿದರೆ ಅದೂ ಇಲ್ಲ.

ನಮ್ಮ ಕನ್ನಡದವರ ಗುಂಪಿಗೆ ಒಯ್ಯುವಾಗ ಸಸ್ಯಾಹಾರಿಗಳಿಗೆ ಬೇರೆಯೇ ಟ್ರೇ ಮಾಡುತ್ತೇನೆ. ಮೇಲೆ ಬೇಕನ್ ಉದುರಿಸದಿದ್ದರೆ ಸಾಕಾಗೋದಿಲ್ಲ, ಸಾಸೇ ಕೊಬ್ಬಿನಲ್ಲಿ ಆಗಿರುತ್ತದೆ. ಅದಕ್ಕೆ ಬೆಣ್ಣೆ, ಅಣಬೆ, ಒಂದಿಷ್ಟು ಸ್ಮೋಕ್ಡ್ ಪ್ಯಾಪ್ರಿಕಾ. ಚಮಚವೂ ಬೇರೆ, ಟ್ರೇಗೆ ಹಸಿರು ಟೇಪ್. ತಣ್ಣಗಾಗದ ಹಾಗೆ ಫಾಯಿಲ್ ಮುಚ್ಚಿ, ಹಳೇ ಟವೆಲ್ ಸುತ್ತಿ, ಬೇಸಿಗೆಯಲ್ಲಿ ಐಸ್ ತುಂಬುವ ಕೂಲರ್ ಡಬ್ಬದೊಳಗೆ ಇಡುತ್ತೇನೆ. ಹೊರಗೆ ಸೊನ್ನೆಗಿಂತ ಕೆಳಗಿದ್ದರೂ ಒಂದು ಗಂಟೆ ಬಿಸಿ ಇರುತ್ತದೆ.

ಬೆಂದ ಕ್ಯಾಸರೋಲನ್ನು ಫ್ರೀಜರ್‌ಗೆ ಹಾಕಬೇಡಿ, ಆಲೂಗಡ್ಡೆ ಮರಳು ಮರಳಾಗುತ್ತದೆ. ಉಳಿದರೆ ಫ್ರಿಜ್‌ನಲ್ಲಿಡಿ. ಮರುದಿನ ಗಟ್ಟಿಯಾದ ಮೇಲೆ ಚೌಕ ಕುಯ್ದು, ಏನೂ ಎಣ್ಣೆ ಹಾಕದೆ ಕಬ್ಬಿಣದ ಕಾವಲಿ ಮೇಲೆ ಚೀಸ್ ಕೆಳಗೆ ಮಾಡಿ ಇಡಿ. ತಳ ಕೆಂಪಗಾಗಿ ತಾನೇ ಬಿಟ್ಟುಕೊಂಡಾಗ ತಿರುವಿ, ಮೇಲೊಂದು ಮೊಟ್ಟೆ ಒಡೆದು ಹಾಕಿ. ಅಕ್ಕಿ ರೊಟ್ಟಿ ಇದ್ದರೆ ಅದರ ಜೊತೆ, ಇಲ್ಲದಿದ್ದರೆ ಹಾಗೇ ತಿನ್ನಿ.