ಭಾಷಣಕ್ಕೆ ನಾಲ್ಕು ಸಾಲು ಸಾಕು

ಹತ್ತು ನಿಮಿಷದ ಭಾಷಣವನ್ನು ಪೂರ್ತಿ ಬರೆದು ಬಾಯಿಪಾಠ ಮಾಡಿಕೊಂಡು ಬಂದವರು ಹೆಚ್ಚಾಗಿ ಎರಡನೇ ಪುಟದಲ್ಲಿ ಸಿಕ್ಕಿಬೀಳುತ್ತಾರೆ. ಒಂದು ಪದ ಮರೆತರೆ ಮುಂದಿನ ವಾಕ್ಯ ಬಾಯಿಗೆ ಬರುವುದಿಲ್ಲ. ಮರೆಯದೇ ಒಪ್ಪಿಸಿದರೂ ಕೇಳುವವರಿಗೆ ಓದಿದ ಹಾಗೆಯೇ ಕೇಳಿಸುತ್ತದೆ, ಬರವಣಿಗೆಯ ವಾಕ್ಯ ಅಷ್ಟು ಉದ್ದ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ, ಅಂದರೆ ಕಾಸರಗೋಡಿನ ನಮಗೆ, ಇದಕ್ಕೆ ಮದ್ದು ಹೊರಗಿನಿಂದ ತರಬೇಕಾಗಿಲ್ಲ. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಯ ಕೈಯಲ್ಲಿ ಬರೆದ ಮಾತಿರುವುದಿಲ್ಲ. ಭಾಗವತರು ಹಾಡಿದ ಪದ್ಯವೇ ಅವರಿಗೆ ಆಧಾರ, ಅರ್ಥ ಪ್ರತಿಸಲ ಹೊಸದು. ನೀವೂ ನಾಲ್ಕೇ ನಾಲ್ಕು ಸಾಲು ಗೊತ್ತುಮಾಡಿಕೊಳ್ಳಿ, ಉಳಿದದ್ದನ್ನು ಸಭೆಯಲ್ಲೇ ಬಿಡಿಸಿ ಹೇಳಿ.

ಅಡಿಕೆ ಕೃಷಿಕರ ಸಭೆಯಲ್ಲಿ ಕೊಳೆರೋಗದ ಬಗ್ಗೆ ಮಾತಾಡಬೇಕು ಎಂದಿಟ್ಟುಕೊಳ್ಳಿ. ಚೀಟಿಯಲ್ಲಿ ಇಷ್ಟಿದ್ದರೆ ಸಾಕು: ಕತ್ತಿಯ ಪರೀಕ್ಷೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಿಂಪಡಣೆ, 40-45 ದಿನಕ್ಕೆ ಇನ್ನೊಂದು. ಉದುರಿದ ಕಾಯಿ ಹೆಕ್ಕಿ ತೋಟದಿಂದ ಹೊರಗೆ.

ಕತ್ತಿ ಮೊದಲು ಬಂದದ್ದಕ್ಕೆ ಕಾರಣ ಉಂಟು. ಉಜ್ಜಿದ ಕಬ್ಬಿಣದ ಕತ್ತಿಯನ್ನು ಈ ಮೈಲುತುತ್ತು-ಸುಣ್ಣದ ಮದ್ದಿಗೆ, ಅಂದರೆ ಬೋರ್ಡೋ ದ್ರಾವಣಕ್ಕೆ, ಅದ್ದಿದಾಗ ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಆ ಕತ್ತಿಯನ್ನು ಎತ್ತಿ ಹಿಡಿದು "ಇದು ಕೆಂಪಾದರೆ ಮದ್ದು ಸಿಂಪಡಿಸಬೇಡಿ" ಎಂದು ಶುರುಮಾಡಿ, ಸಭೆ ತಲೆ ಎತ್ತುತ್ತದೆ. "ಅಡಿಕೆಯು ನಮ್ಮ ಜಿಲ್ಲೆಯ ಪ್ರಮುಖ ವಾಣಿಜ್ಯ ಬೆಳೆಯಾಗಿದ್ದು" ಎಂದು ಶುರುಮಾಡಿದರೆ ಎಲ್ಲರೂ ಫೋನ್ ತೆಗೆಯುತ್ತಾರೆ. ಬಾಯಿಪಾಠ ಮಾಡಬೇಕಾದದ್ದು ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ, ಅವೆರಡೇ. ವೇದಿಕೆಯಲ್ಲಿರುವ ಒಬ್ಬೊಬ್ಬರ ಹೆಸರು, ಹುದ್ದೆ ಹೇಳುತ್ತಾ ಹೋಗಬೇಡಿ. ಸ್ವಾಗತ ಭಾಷಣದವರು ಅದನ್ನು ಆಗಲೇ ಮುಗಿಸಿರುತ್ತಾರೆ. ಅಧ್ಯಕ್ಷರಿಗೆ, ಸಭೆಗೆ ಒಂದು ನಮಸ್ಕಾರ ಧಾರಾಳ.

ಚೀಟಿಗೆ ತೆಳು ಕಾಗದ ಬೇಡ, ಕೈ ನಡುಗಿದರೆ ಅದು ಪಟಪಟ ಎನ್ನುತ್ತದೆ. ಹಳೆಯ ಮದುವೆ ಕಾಗದದ ಖಾಲಿ ಬದಿ ಒಳ್ಳೆಯದು. ಅಕ್ಷರ ದಪ್ಪ ಇರಲಿ.

ಅಭ್ಯಾಸವನ್ನು ಎದ್ದು ನಿಂತು, ಗಟ್ಟಿಯಾಗಿಯೇ ಮಾಡಬೇಕು. ಮನಸ್ಸಿನಲ್ಲೇ ಹೇಳಿಕೊಂಡರೆ ಸಮಯದ ಲೆಕ್ಕ ಯಾವಾಗಲೂ ತಪ್ಪುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದು ನಿಮಿಷಕ್ಕೆ ಎಷ್ಟು ಪದ ಆಡುತ್ತೀರಿ ಎಂದು ಎಣಿಸಿ. 80ರಿಂದ 100ರ ಒಳಗಿದ್ದರೆ ಹಿಂದಿನ ಬೆಂಚಿಗೂ ಮುಟ್ಟುತ್ತದೆ. 130 ದಾಟಿದರೆ ಒತ್ತಕ್ಷರಗಳೆಲ್ಲ ನುಂಗಿಹೋಗುತ್ತವೆ. ಅದೇ ರೆಕಾರ್ಡಿನಲ್ಲಿ "ಏನೂಂತ ಹೇಳಿದರೆ", "ಅಂದರೆ", "ಮತ್ತೆ" ಎಷ್ಟು ಸಲ ಬಂತು ನೋಡಿ. ಆ ಜಾಗದಲ್ಲಿ ಬಾಯಿ ಮುಚ್ಚುವುದನ್ನು ಅಭ್ಯಾಸ ಮಾಡಿ. ಎರಡು ಸೆಕೆಂಡಿನ ಮೌನ ನಿಮಗೆ ಮಾತ್ರ ಉದ್ದ ಕಾಣುತ್ತದೆ, ಸಭೆಗೆ ಅಲ್ಲ.

ನಮ್ಮ ಸಭೆಗಳಲ್ಲಿ ಕನ್ನಡ, ಮಲಯಾಳ, ತುಳು ಮೂರೂ ಕೂತಿರುತ್ತವೆ. ಇಡೀ ಭಾಷಣವನ್ನು ಎರಡೆರಡು ಸಲ ಹೇಳಿದರೆ ಎರಡು ಕಡೆಯವರಿಗೂ ಬೇಸರ. ಅಳತೆ, ತಾರೀಕು, ವಸ್ತುವಿನ ಹೆಸರು ಇಷ್ಟನ್ನು ಮಾತ್ರ ಮಲಯಾಳದಲ್ಲೂ ಹೇಳಿ. ಮೈಲುತುತ್ತು ಎಂದ ಕೂಡಲೇ ತುರಿಶ್ ಎಂದೂ ಸೇರಿಸಿ, ಮುಂದೆ ಹೋಗಿ. ಜನ ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಸಂಘ), ಅಕ್ಷಯ (ಸರಕಾರಿ ಸೇವೆಗಳ ಕೇಂದ್ರ) ಎಂದು ಬಳಸುವ ಹೆಸರುಗಳನ್ನು ಹಾಗೆಯೇ ಬಿಡಿ.

ಮೈಕ್ ಬಾಯಿಯಿಂದ ಒಂದು ಗೇಣಿಗಿಂತ ದೂರ ಹೋಗಬಾರದು. ತೀರ ಎದುರಿಗೂ ಬೇಡ, ಸ್ವಲ್ಪ ಓರೆಗೆ ಇರಲಿ. ಇಲ್ಲದಿದ್ದರೆ ಪ, ಫ, ಭ ಬಂದಾಗಲೆಲ್ಲ ಗಾಳಿ ಬಡಿದು ಡಬ್ ಎನ್ನುತ್ತದೆ. ಮೈಕ್ ಕೂಗಿದಾಗ ಅದರ ತಲೆಯನ್ನು ಕೈಯಿಂದ ಮುಚ್ಚುವವರಿದ್ದಾರೆ, ಕೂಗು ಅದರಿಂದ ಇನ್ನೂ ಹೆಚ್ಚುತ್ತದೆ. ಸೌಂಡ್ ಬಾಕ್ಸಿನ ಮುಂದಿನಿಂದ ಸರಿದು ನಿಲ್ಲಿ. ಶೀಟಿನ ಮಾಡಿನ ಮೇಲೆ ಜೂನ್ ತಿಂಗಳ ಮಳೆ ಬಿದ್ದರೆ ಯಾವ ಮೈಕೂ ಗೆಲ್ಲುವುದಿಲ್ಲ. ಬೊಬ್ಬೆ ಹಾಕಬೇಡಿ, ಜೋರು ಮಳೆ ದಾಟುವ ತನಕ ಕಾಯಿರಿ.

ಸ್ಲೈಡ್ ತೋರಿಸುವುದಿದ್ದರೆ ಅಪಾಯ ಅಕ್ಷರದಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಲಿನಕ್ಸ್ ಇರುತ್ತದೆ. ಅಲ್ಲಿ ಪವರ್‌ಪಾಯಿಂಟ್ ಕಡತ ಲಿಬ್ರೆಆಫೀಸಿನಲ್ಲಿ ತೆರೆದುಕೊಂಡು ಸಾಲುಗಳು ಜಾಗ ಬದಲಿಸುತ್ತವೆ. ಯೂನಿಕೋಡಿನಲ್ಲೇ ಟೈಪ್ ಮಾಡಿ, ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಕ್ಷರ 32 ಪಾಯಿಂಟ್‌ಗಿಂತ ಚಿಕ್ಕದು ಬೇಡ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಕೊಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕರೆಂಟ್ ಹೋದರೆ ಸ್ಲೈಡೂ ಹೋಯಿತು, ಆದ್ದರಿಂದ ಚೀಟಿ ಕಿಸೆಯಲ್ಲೇ ಇರಲಿ.

ಹತ್ತು ನಿಮಿಷ ಎಂದು ಕರೆದವರು ಉದ್ಘಾಟಕರು ತಡವಾಗಿ ಬಂದ ಕಾರಣ "ನಾಲ್ಕು ನಿಮಿಷದಲ್ಲಿ ಮುಗಿಸಿ" ಎನ್ನುವುದು ಹೊಸತಲ್ಲ. ವೇಗ ಹೆಚ್ಚಿಸಬೇಡಿ. ಯಾವ ಸಾಲು ಬಿಡುವುದೆಂದು ಮನೆಯಲ್ಲೇ ತೀರ್ಮಾನಿಸಿ ಚೀಟಿಯಲ್ಲಿ ಅದಕ್ಕೊಂದು ಗುರುತು ಹಾಕಿಡಿ. ಕೊಳೆರೋಗದ ಭಾಷಣದಲ್ಲಿ ಅದು ನಾಲ್ಕನೆಯದು. ಅಳತೆಯ ಸಾಲನ್ನು ಮಾತ್ರ ಬಿಡುವಂತಿಲ್ಲ.