ಹಿರಿಯರ ಓಡಾಟಕ್ಕೆ ಯಾವ ವಾಹನ, ಯಾರ ಖರ್ಚು

ಹಿರಿಯರೊಬ್ಬರು ವಾಹನ ಓಡಿಸುವುದನ್ನು ಬಿಟ್ಟಾಗ ಅಥವಾ ಬಸ್ಸು ಹತ್ತಲು ಹಿಂಜರಿಯತೊಡಗಿದಾಗ ಮನೆಯವರು ಮೊದಲು ವಾಹನವನ್ನು ಹುಡುಕುತ್ತಾರೆ. ಅದಕ್ಕೂ ಮುಂಚೆ ಓಡಾಟದ ಲೆಕ್ಕ ಹಾಕಬೇಕು. ಎರಡು ವಾರ ಅವರು ಎಲ್ಲೆಲ್ಲಿಗೆ, ಯಾವ ಹೊತ್ತಿನಲ್ಲಿ, ಯಾರ ಜೊತೆ ಹೋದರೆಂಬುದನ್ನು ಹಾಳೆಯೊಂದರಲ್ಲಿ ಬರೆದಿಡಿ; ಹೋಗಬೇಕೆಂದುಕೊಂಡು ಹೋಗಲಾಗದೆ ಉಳಿದ ಜಾಗಗಳನ್ನೂ ಅವರನ್ನೇ ಕೇಳಿ ಸೇರಿಸಿ. ಆಸ್ಪತ್ರೆಯನ್ನೂ ಬ್ಯಾಂಕನ್ನೂ ಯಾರೂ ಮರೆಯುವುದಿಲ್ಲ. ಗೆಳೆಯರ ಮನೆ, ಗ್ರಂಥಾಲಯ, ಸುಮ್ಮನೆ ಹೋಗಿಬರುವ ಒಂದು ಸುತ್ತು ಇಂಥವು ಸದ್ದಿಲ್ಲದೆ ಬಿಟ್ಟುಹೋಗುತ್ತವೆ.

ನಂತರ ಅದೇ ದಾರಿಯಲ್ಲಿ ಒಮ್ಮೆ ಅವರ ಜೊತೆಗೇ ಹೋಗಿ ನೋಡಿ. ಬಸ್ಸಿನಲ್ಲಿ ಕಷ್ಟವಾಗುವುದು ಬಹುಮಟ್ಟಿಗೆ ಹತ್ತುವಾಗ ಮತ್ತು ಇಳಿಯುವಾಗ. ಮೊದಲ ಮೆಟ್ಟಿಲು ಎತ್ತರವಿದ್ದು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಚೀಲ ಇದ್ದರೆ ಕಂಬಿ ಹಿಡಿಯಲು ಕೈಯೇ ಉಳಿಯುವುದಿಲ್ಲ. ಕೂರುವ ಮೊದಲೇ ಬಸ್ಸು ಹೊರಟರೆ ಜೋಲಿ ಹೊಡೆದು ಬೀಳುವ ಭಯ ಬೇರೆ. ಹೆಗಲಿಗೆ ಹಾಕುವ ಚೀಲ, ಸಂದಣಿಯಿಲ್ಲದ ಹೊತ್ತು, ನೆಲ ತಗ್ಗಾಗಿರುವ ಬಸ್ಸು ಇವು ಕೂಡಿಬಂದರೆ, ಇನ್ನು ಸಾಧ್ಯವಿಲ್ಲವೆಂದು ಬಿಟ್ಟಿದ್ದ ಪ್ರಯಾಣವೂ ಮತ್ತೆ ಕೈಗೂಡಬಹುದು. ಇನ್ನೂ ಸ್ವತಃ ಓಡಿಸುತ್ತಿರುವವರು ಎದುರಿನ ದೀಪಕ್ಕೆ ಕಣ್ಣು ಕೋರೈಸುವ ರಾತ್ರಿಯ ಚಾಲನೆಯನ್ನು ಮೊದಲು ಬಿಡಲಿ, ಉಳಿದದ್ದು ನಿಧಾನವಾಗಿ.

ಟ್ಯಾಕ್ಸಿಯನ್ನು ಮನೆಯವರೇ ತಮ್ಮ ಫೋನಿನಿಂದ ಕಾಯ್ದಿರಿಸಬಹುದಾದರೂ, ಡಾಕ್ಟರ ಬಳಿ ಎಷ್ಟು ಹೊತ್ತಾಗುವುದೋ ತಿಳಿಯದ ಕಾರಣ ತೊಡಕಾಗುವುದು ಹಿಂದಿರುಗುವಾಗ. ಇಂಥ ದಿನಗಳಿಗೆ ಪರಿಚಯದ ಚಾಲಕರೊಬ್ಬರ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಜೇಬಿನಲ್ಲಿಡುವುದೇ ಮೇಲು. ಹಿರಿಯರಿಗೆಂದೇ ನಡೆಸುವ ವಾಹನ ಸೇವೆ ಇದ್ದರೆ, ಅದು ರಸ್ತೆಯ ಅಂಚಿನವರೆಗೆ ಮಾತ್ರವೋ, ಬಾಗಿಲವರೆಗೆ ಬಂದು ಕೈಹಿಡಿದು ಕರೆದೊಯ್ಯುವುದೋ ಎಂದು ಮೊದಲೇ ಕೇಳಿಕೊಳ್ಳಿ. ಮೊಣಕಾಲು ನೋವಿದ್ದವರಿಗೆ ಆ ಹತ್ತು ಹೆಜ್ಜೆಯೇ ನಿರ್ಣಾಯಕ.

ಖರ್ಚಿನ ಮಾತಿಗೆ ಬಂದರೆ, ಟ್ಯಾಕ್ಸಿ ದುಬಾರಿಯೆನಿಸುವುದು ಅದರ ಬಾಡಿಗೆ ಪ್ರತಿ ಸಲ ಕಣ್ಣೆದುರು ಕಾಣುವುದರಿಂದ. ಸ್ವಂತ ಕಾರಿನ ವಿಮೆ, ಸರ್ವಿಸ್, ಇಂಧನ, ವರ್ಷವರ್ಷ ಇಳಿಯುವ ಬೆಲೆ ಎಲ್ಲವನ್ನೂ ಕೂಡಿಸಿ, ವರ್ಷದ ಪ್ರಯಾಣಗಳ ಸಂಖ್ಯೆಯಿಂದ ಭಾಗಿಸಿ. ಕಡಿಮೆ ಓಡಾಡುವವರಿಗೆ ಕಾರನ್ನು ಮಾರುವುದೇ ಲಾಭವೆಂದು ಆ ಲೆಕ್ಕ ಹಲವು ಬಾರಿ ಹೇಳುತ್ತದೆ.

ಯಾರು ಕೊಡಬೇಕು? ಬಸ್ಸು, ರೈಲುಗಳ ರಿಯಾಯಿತಿ ಸಮಾಜದ ಹೊಣೆಯೆಂಬುದು ನನ್ನ ನಿಲುವು. ಇಂಗ್ಲೆಂಡಿನಲ್ಲಿ 2008ರಿಂದ ಅರ್ಹ ಹಿರಿಯರು ಸಂದಣಿಯಿಲ್ಲದ ಹೊತ್ತಿನಲ್ಲಿ ದೇಶದಾದ್ಯಂತ ಸ್ಥಳೀಯ ಬಸ್ಸುಗಳಲ್ಲಿ ಉಚಿತವಾಗಿ ಹೋಗಬಹುದು. ಲಕ್ಸೆಂಬರ್ಗ್ 2020ರಲ್ಲಿ ಸಾರ್ವಜನಿಕ ಸಾರಿಗೆಯನ್ನು ಎಲ್ಲರಿಗೂ ಉಚಿತಗೊಳಿಸಿತು. ಆದರೆ ಹತ್ತಲಾಗದ ಬಸ್ಸಿನ ಪಾಸು ಬರೀ ಕಾಗದ. ಅಮೆರಿಕದ 1990ರ ಅಂಗವಿಕಲರ ಕಾನೂನು ಈ ಕೊರತೆಯನ್ನು ಗಮನಿಸಿ, ಸಾಮಾನ್ಯ ಬಸ್ಸು ಬಳಸಲಾಗದವರಿಗೆ ಪ್ರತ್ಯೇಕ ವಾಹನ ಒದಗಿಸಬೇಕೆಂದಿತು. ಅದರ ನಿಯಮಗಳಂತೆ ದರ ಮಾಮೂಲಿ ಟಿಕೆಟ್ಟಿನ ಎರಡು ಪಟ್ಟು ಮೀರುವಂತಿಲ್ಲ. ಚಿಕಿತ್ಸೆಯ ಪ್ರಯಾಣಕ್ಕೆ ವಿಮೆ ಅಥವಾ ಆಸ್ಪತ್ರೆ ಏನು ಕೊಡುತ್ತದೆಂದು ವಿಚಾರಿಸಿ. ಕೇಳದೆ ಬಿಟ್ಟ ಸೌಲಭ್ಯಗಳೇ ಹೆಚ್ಚು.

ಉಳಿದ ಖರ್ಚನ್ನು, ಅನುಕೂಲವಿದ್ದರೆ, ಹಿರಿಯರೇ ಭರಿಸಲಿ. ಇಲ್ಲವಾದರೆ ಮಕ್ಕಳು ಸೇರಿ ತಿಂಗಳಿಗೊಂದು ಮೊತ್ತ ಗೊತ್ತುಮಾಡಿಕೊಂಡು ಅವರ ಖಾತೆಗೇ ಹಾಕಬೇಕು. ಪ್ರತಿ ಬಾರಿಯೂ ಕೈಚಾಚಬೇಕಾದರೆ ಅವರು ಹೊರಡುವುದನ್ನೇ ಬಿಡುತ್ತಾರೆ. ಸದಾ ಕರೆದೊಯ್ಯುವ ಮಗಳ ಅಥವಾ ಸೊಸೆಯ ಸಮಯವನ್ನೂ ಪಾಲೆಂದೇ ಲೆಕ್ಕಕ್ಕೆ ಹಿಡಿಯಿರಿ. ತಿಂಗಳ ಕೊನೆಗೆ ಹಣ ಮಿಕ್ಕಿದ್ದರೆ ಮೊತ್ತವನ್ನು ಇಳಿಸಲು ಅವಸರ ಬೇಡ. ಹಾಳೆಯಲ್ಲಿದ್ದ ಯಾವ ಜಾಗಕ್ಕೆ ಅವರು ಹೋಗಲಿಲ್ಲ, ಏಕೆ ಹೋಗಲಿಲ್ಲ ಎಂದು ಕೇಳಿ.